ನಲ್ಲೀಲಿ ನೀರು ಸಣ್ಣಗೆ ಬರ್ತಿದೆಯಾ? ಪಂಪ್ ತರೋ ಮೊದಲು ಬಕೆಟ್ ಹಿಡೀರಿ

2022ರ ಸೆಪ್ಟೆಂಬರ್‌ನಲ್ಲಿ ಮಾರಿಕಣಿವೆ ಕೋಡಿ ಬಿತ್ತು. 1933ರ ನಂತರ ಅದೇ ಮೊದಲು. ಹಿರಿಯೂರು ಕಡೆಯವರಿಗೆ ಅದು ಜಾತ್ರೆ ಇದ್ದಂಗೆ. ನಾನೂ ಬೈಕ್ ಹತ್ತಿ ಹೋಗಿ ಫೋಟೊ ಹೊಡ್ಕೊಂಡು ಬಂದೆ. ಮನೆಗೆ ಬಂದರೆ ಅಮ್ಮ ಅಡುಗೆಮನೆ ನಲ್ಲಿ ಕೆಳಗೆ ಕೊಡ ಇಟ್ಟು ಕಾಯ್ತಾ ನಿಂತಿದ್ದಾರೆ. "ಕಣಿವೆ ತುಂಬಿ ಹರೀತೈತಂತೆ, ನಮ್ಮನೆ ನಲ್ಲೀಲಿ ದಾರದಂಗೆ ಬರ್ತೈತೆ ನೋಡು" ಅಂದ್ರು.

ಮಾರನೇ ದಿನವೇ ಪೇಟೆಗೆ ಹೋಗಿ ಒಂಬತ್ತು ಸಾವಿರ ಕೊಟ್ಟು ಪ್ರೆಶರ್ ಪಂಪ್ ತಂದೆ. ಕೂರಿಸಿದ್ದಾಯ್ತು, ಗುಂಯ್ ಅಂತ ಸದ್ದೂ ಬಂತು, ನೀರು ಮಾತ್ರ ಹಾಗೇ ದಾರ. ಸಾಲದ್ದಕ್ಕೆ ಎಲ್ಲಾ ನಲ್ಲಿ ಮುಚ್ಚಿದಾಗ ಒತ್ತಡ ಏರಿ ಬಚ್ಚಲುಮನೆ ಗೋಡೆಯೊಳಗಿನ ಹಳೇ ಜಾಯಿಂಟ್ ಸೋರೋಕೆ ಶುರುವಾಯ್ತು. ಓದಿದ್ದು ತೋಟಗಾರಿಕೆ. ಡ್ರಿಪ್ ಲೈನಿನ ಒತ್ತಡದ ಲೆಕ್ಕ ಹಾಕಿ ಮಾರ್ಕ್ಸ್ ತಗೊಂಡವನು ನಾನು. ಮನೆ ಪೈಪಿಗೆ ಅದೇ ಲೆಕ್ಕ ಅನ್ನೋದು ಹೊಳೀಲಿಲ್ಲ. ಕೊನೆಗೆ ಸಿಕ್ಕ ತೊಂದರೆ ಎರಡು. ಎರಡನ್ನೂ ಸರಿಮಾಡೋಕೆ ಪಂಪಿನ ಬೆಲೆಯ ಹತ್ತನೇ ಒಂದು ಪಾಲೂ ಆಗಲಿಲ್ಲ.

ಹಾಗಾಗಿ ಮೊದಲ ಕೆಲಸ ಅಳತೆ. 10 ಲೀಟರ್ ಬಕೆಟ್ ಹಿಡೀರಿ, ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಾಕಿ. ಮನೆಯ ಪ್ರತಿ ನಲ್ಲಿಗೂ ಎಷ್ಟು ಸೆಕೆಂಡ್ ಬೇಕು ಅಂತ ಬರ್ಕೊಳ್ಳಿ. ಒಂದೇ ನಲ್ಲಿ ಸಣ್ಣ ಇದ್ದರೆ ರೋಗ ಆ ನಲ್ಲಿಯದ್ದು. ಬಚ್ಚಲುಮನೆಯದ್ದೆಲ್ಲಾ ಸಣ್ಣ, ಅಡುಗೆಮನೆಯದ್ದು ಚೆನ್ನಾಗಿದ್ದರೆ ಆ ಕಡೆ ಹೋಗೋ ಪೈಪು ಇಲ್ಲವೇ ಅದರ ವಾಲ್ವ್ ನೋಡಬೇಕು. ಬಿಸಿನೀರು ಮಾತ್ರ ಸಣ್ಣ ಅಂದ್ರೆ ಗೀಸರ್ ಅಥವಾ ಸೋಲಾರ್ ಲೈನು. ಎಲ್ಲವೂ ಸಣ್ಣ ಇದ್ದರೆ ಮೇಲೆ ಹತ್ತಿ, ಟ್ಯಾಂಕಿನ ಹತ್ತಿರ ಹೋಗಿ. ನಮ್ಮನೇಲಿ ಎಲ್ಲವೂ ಸಣ್ಣ, ಅಡುಗೆಮನೆಯದ್ದು ಇನ್ನೂ ಸಣ್ಣ. ಅದರಿಂದಲೇ ತೊಂದರೆ ಎರಡು ಕಡೆ ಇದೆ ಅಂತ ತಿಳೀಬೇಕಿತ್ತು.

ನಲ್ಲಿ ಬಾಯಲ್ಲಿರೋ ಸುಣ್ಣ

ಹೊಸ ನಮೂನೆ ನಲ್ಲಿಗಳ ಬಾಯಲ್ಲಿ ಒಂದು ಸಣ್ಣ ಜಾಲರಿ ಇರ್ತದೆ. ಕೈಯಲ್ಲೇ ತಿರುಗಿಸಿದರೆ ಬಿಚ್ಚಿಕೊಳ್ತದೆ. ಬರದಿದ್ದರೆ ಬಟ್ಟೆ ಸುತ್ತಿ ಇಕ್ಕಳದಲ್ಲಿ ಹಿಡೀರಿ, ಇಲ್ಲಾಂದ್ರೆ ಪಾಲಿಶ್ ಕೆರೆದುಹೋಗ್ತದೆ. ಹೊಸದುರ್ಗ, ಹೊಳಲ್ಕೆರೆ ಕಡೆ ಬೋರ್‌ವೆಲ್ ನೀರು ಬಳಸೋ ಮನೆಗಳಲ್ಲಿ ಇದನ್ನು ಬಿಚ್ಚಿದರೆ ಸಾಮಾನ್ಯವಾಗಿ ಬಿಳಿ ಹೆಕ್ಕಳಿಕೆ ಕಾಣ್ತದೆ. ಪಾತ್ರೆ ತಳದಲ್ಲಿ ಕೂರೋ ಅದೇ ಸುಣ್ಣ. ಗಡಸು ನೀರಿನಲ್ಲಿ ಕರಗಿರೋ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾದಾಗ, ಒಣಗಿದಾಗ ಕಾರ್ಬೊನೇಟ್ ಆಗಿ ಕಲ್ಲಿನಂತೆ ಕೂರ್ತದೆ. ಬಿಸಿನೀರಿನ ನಲ್ಲಿ ಮೊದಲು ಕಟ್ಟಿಕೊಳ್ಳೋದು ಇದಕ್ಕೇ. ಕುಡಿಯೋ ನೀರಿನ ಭಾರತೀಯ ಮಾನದಂಡದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ನಿಮ್ಮ ಬೋರ್‌ವೆಲ್ ನೀರನ್ನು ತೋಟಕ್ಕೆ ಅಂತ ಪರೀಕ್ಷೆ ಮಾಡಿಸಿದ್ದರೆ ಆ ಚೀಟಿ ತೆಗೆದು ನೋಡಿ, ಈ ಅಂಕಿ ಅದರಲ್ಲೇ ಇರಬಹುದು.

ಹೆಕ್ಕಳಿಕೆ ಮೇಲೆ ನಿಂಬೆರಸ ಬಿಡಿ. ನೊರೆ ಎದ್ದರೆ ಸುಣ್ಣ. ಏಳದೆ ಕೆಂಪಗೆ, ಮರಳು ಮರಳಾಗಿದ್ದರೆ ಅದು ತುಕ್ಕು ಅಥವಾ ಬೋರಿನಿಂದ ಬಂದ ಮಣ್ಣು, ಹಳೇ ಬ್ರಶ್‌ನಲ್ಲಿ ತಿಕ್ಕಿದರೆ ಹೋಗ್ತದೆ. ಸುಣ್ಣಕ್ಕೆ ನಿಂಬೆರಸ ಇಲ್ಲವೇ ವಿನಿಗರ್‌ನಲ್ಲಿ ಜಾಲರಿ ನೆನೆಹಾಕಿ. ಒಂದು ಗಂಟೆ ಸಾಕು, ಹಳೇದಾದರೆ ರಾತ್ರಿಯಿಡೀ ಬಿಡಿ. ಶವರ್ ಬಿಚ್ಚೋಕೆ ಆಗದಿದ್ದರೆ ಪ್ಲಾಸ್ಟಿಕ್ ಕವರಿನಲ್ಲಿ ವಿನಿಗರ್ ತುಂಬಿ ಅದರ ಮೂತಿಗೆ ಕಟ್ಟಿ. ಬಚ್ಚಲು ತೊಳೆಯೋ ಆಸಿಡ್ ಮಾತ್ರ ಬೇಡ. ನಲ್ಲಿ ಲೋಹವನ್ನೇ ತಿಂತದೆ, ಬ್ಲೀಚಿಂಗ್ ಪೌಡರ್ ಜೊತೆ ಸೇರಿದರೆ ಕ್ಲೋರಿನ್ ಅನಿಲ ಎದ್ದು ಉಸಿರು ಕಟ್ಟಿಸ್ತದೆ.

ಇನ್ನೊಂದು ಮಾತು. ಈ ಜಾಲರಿಗಳನ್ನು ಮಾಡಿರೋದು ಒತ್ತಡದಲ್ಲಿ ಬರೋ ನೀರಿಗೆ. ಒಂದೇ ಅಂತಸ್ತಿನ ಮನೆ ಮೇಲಿನ ಟ್ಯಾಂಕಿನಿಂದ ಬರೋ ನೀರಿಗೆ ಅದು ಬರೀ ಅಡ್ಡಿ. ನಾನು ಅಡುಗೆಮನೆ ನಲ್ಲೀದು ತೆಗೆದೇ ಇಟ್ಟಿದ್ದೀನಿ. ನೀರು ಸ್ವಲ್ಪ ಚಿಮ್ಮುತ್ತೆ ಅಂತ ಹೆಂಡತಿ ಬೈತಾಳೆ, ಅಮ್ಮ ಬೈಯಲ್ಲ.

ಟ್ಯಾಂಕ್ ಕೆಳಗಿನ ಗೇಟ್ ವಾಲ್ವ್

ನಮ್ಮ ದೊಡ್ಡ ಕಳ್ಳ ಸಿಕ್ಕಿದ್ದು ಇಲ್ಲಿ. ಸಿಂಟೆಕ್ಸ್ ಕೆಳಗೆ ದುಂಡನೆ ಹಿಡಿಯ ಗೇಟ್ ವಾಲ್ವ್ ಇತ್ತು. ತಿರುಗಿಸಿದರೆ ತಿರುಗ್ತಿತ್ತು, ಪೂರ್ತಿ ತೆಗೆದಿದ್ದೀವಿ ಅಂತಲೇ ಅಂದ್ಕೊಂಡಿದ್ವಿ. ಒಳಗೆ ನೋಡಿದರೆ ಕಡ್ಡಿಯಿಂದ ಗೇಟ್ ಕಳಚಿಕೊಂಡು ಮುಕ್ಕಾಲು ಭಾಗ ಮುಚ್ಚಿ ಕೂತಿತ್ತು. ಹಿಡಿ ತಿರುಗುತ್ತೆ ಅಂತ ವಾಲ್ವ್ ತೆರೆದಿದೆ ಅಂತ ನಂಬಬೇಡಿ. ವಾಲ್ವ್ ಆದಮೇಲಿನ ಯೂನಿಯನ್ ಬಿಚ್ಚಿ ನೋಡಿ. ಅಲ್ಲಿ ನೀರು ಧೋ ಅಂತ ಬಿದ್ದರೆ ತೊಂದರೆ ಕೆಳಗೆ, ಅಲ್ಲೇ ಸಣ್ಣ ಇದ್ದರೆ ವಾಲ್ವ್ ಅಥವಾ ಟ್ಯಾಂಕ್ ತಳದ ಕೆಸರು. ಬದಲಾಯಿಸೋಕೆ ಟ್ಯಾಂಕ್ ಖಾಲಿ ಆಗಲೇಬೇಕು, ಆದ್ದರಿಂದ ನೀರು ತಳ ಮುಟ್ಟಿದಾಗ ಕೈಹಾಕಿ, ಅದೇ ಸಲ ಕೆಸರೂ ತೊಳೀರಿ. ಹೊಸದು ಬಾಲ್ ವಾಲ್ವ್ ಹಾಕಿ. ತೆರೆದಾಗ ಪೈಪಿನಷ್ಟೇ ದಾರಿ ಇರೋದನ್ನ ಕೇಳಿ ತಗೊಳ್ಳಿ. ತಿಂಗಳಿಗೊಮ್ಮೆ ಮುಚ್ಚಿ ತೆಗೆದು ಮಾಡ್ತಿರಿ, ಸುಣ್ಣಕ್ಕೆ ಅದೂ ಹಿಡ್ಕೊಳ್ತದೆ.

ಟ್ಯಾಂಕ್ ಒಮ್ಮೆ ಪೂರ್ತಿ ಖಾಲಿಯಾಗಿ ತುಂಬಿದ ಮೇಲೆ ನೀರು ಬುಸುಬುಸು ಅಂತ ಬಂದು ನಿಂತರೆ ಪೈಪಿನಲ್ಲಿ ಗಾಳಿ ಸಿಕ್ಕಿದೆ. ಎಲ್ಲಾ ನಲ್ಲಿ ಬಿಟ್ಟು ಸ್ವಲ್ಪ ಹೊತ್ತು ಕಾಯಿರಿ. ಪದೇ ಪದೇ ಆಗ್ತಿದ್ದರೆ ವಾಲ್ವ್ ಆದಮೇಲೆ ಒಂದು ಗಾಳಿ ಪೈಪನ್ನು ಟ್ಯಾಂಕಿನ ಮೂತಿಗಿಂತ ಎತ್ತರಕ್ಕೆ ಎಬ್ಬಿಸಿ.

ಹಳೇ ಮನೆಗಳ ಜಿಐ ಪೈಪಿನ ಕಥೆ ಬೇರೆ. ಒಳಗೆ ತುಕ್ಕು, ಸುಣ್ಣ ಸೇರಿ ದಾರಿ ಅರ್ಧ ಆದರೆ ನೀರು ಅರ್ಧ ಆಗೋದಿಲ್ಲ, ಆರರಲ್ಲಿ ಒಂದು ಪಾಲಿಗೆ ಇಳೀತದೆ. ಅದನ್ನು ಕ್ಲೀನ್ ಮಾಡ್ತೀನಿ ಅನ್ನೋರನ್ನ ನಂಬಿ ದುಡ್ಡು ಕೊಡಬೇಡಿ. ಗೋಡೆ ಒಡೆಯದೆ ಹೊರಗಿನಿಂದ ಹೊಸ ಸಿಪಿವಿಸಿ ಎಳೆಸಿ.

ಎತ್ತರದ ಲೆಕ್ಕ

ಡ್ರಿಪ್‌ಗೆ ನಾವು ಸಾಮಾನ್ಯವಾಗಿ 1 ಬಾರ್ ಒತ್ತಡ ಕೊಡ್ತೀವಲ್ಲ, ಅದು ಸುಮಾರು 33 ಅಡಿ ನೀರಿನ ಎತ್ತರ. 10 ಅಡಿ ಚಾವಣಿ ಮೇಲೇ ಟ್ಯಾಂಕ್ ಇಟ್ಟರೆ, 3 ಅಡಿಯಲ್ಲಿರೋ ನಲ್ಲಿಗೆ ಸಿಗೋದು 7 ಅಡಿ. ಆರೂವರೆ ಅಡಿಯ ಶವರಿಗೆ ಬರೀ ಮೂರೂವರೆ. ಟ್ಯಾಂಕ್ ನಾಲ್ಕು ಅಡಿ ಎತ್ತರಿಸಿದರೆ ಶವರಿನ ಒತ್ತಡ ಎರಡರಷ್ಟಕ್ಕೂ ಮೇಲೆ, ಕರೆಂಟೂ ಬೇಡ. ಆದರೆ 1000 ಲೀಟರ್ ಅಂದ್ರೆ ಒಂದು ಟನ್. ಗೋಡೆ ಇಲ್ಲವೇ ಪಿಲ್ಲರ್ ಮೇಲೇ ಭಾರ ಬೀಳುವಂತೆ ಮೇಸ್ತ್ರಿಗೆ ತೋರಿಸಿ ಕಟ್ಟಿಸಿ. ಇಷ್ಟೆಲ್ಲಾ ನೋಡಿಯೂ ಸಾಲದಿದ್ದರೆ ಆಗ ಪಂಪ್.

ಪಂಚಾಯ್ತಿ ನಲ್ಲಿಗೆ ಮೋಟರ್ ಹಾಕಬೇಡಿ

ಬೀದಿ ಲೈನಿನ ನೀರೇ ಸಣ್ಣ ಇದ್ದರೆ ಮೊದಲು ಪಕ್ಕದ ಮನೆಯವರನ್ನ ಕೇಳಿ. ಅವರಿಗೂ ಹಾಗೇ ಇದ್ದರೆ ನೀರುಗಂಟಿಗೆ ಹೇಳಿ, ಆಗಲಿಲ್ಲಾಂದ್ರೆ ಪಂಚಾಯ್ತಿಗೆ ಬರೆದುಕೊಡಿ. ನಿಮ್ಮೊಬ್ಬರಿಗೇ ಆದರೆ ಮೀಟರಿನ ಒಳಗಿನ ಸಣ್ಣ ಜಾಲರಿ ಕಟ್ಟಿರಬಹುದು. ಹಲವರು ನೇರವಾಗಿ ಆ ಪೈಪಿಗೇ ಮೋಟರ್ ಕೂರಿಸ್ತಾರೆ. ಪಕ್ಕದವರ ನೀರು ಹೋಗ್ತದೆ ಅನ್ನೋದು ಒಂದು ಮಾತಾಯ್ತು. ಅದಕ್ಕಿಂತ ದೊಡ್ಡದು, ಮೋಟರ್ ಎಳೆದಾಗ ಪೈಪಿನೊಳಗೆ ಒತ್ತಡ ಇಲ್ಲದಂತಾಗಿ, ಜಾಯಿಂಟ್ ಸೋರೋ ಜಾಗದಿಂದ ಚರಂಡಿ ನೀರು ಒಳಗೆ ಬರ್ತದೆ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನರ ಜೀವ ಹೋಗಿದ್ದು ನಮ್ಮ ಜಿಲ್ಲೆಯಲ್ಲಿ ಯಾರೂ ಮರೆತಿಲ್ಲ. ಅಲ್ಲಿ ಕಾರಣ ಮೋಟರ್ ಅಂತ ನಾನು ಹೇಳ್ತಿಲ್ಲ. ಕುಡಿಯೋ ನೀರಿನ ಪೈಪಿನೊಳಗೆ ಕೊಳಕು ಸೇರಿದರೆ ಏನಾಗ್ತದೆ ಅಂತ ನಾವು ನೋಡಿದ್ದೀವಿ. ನೆಲಮಟ್ಟದಲ್ಲಿ ಮುಚ್ಚಳ ಇರೋ ಒಂದು ಸಂಪ್ ಮಾಡಿ, ನೀರು ತಾನಾಗಿ ಬಂದು ತುಂಬಲಿ, ಮೋಟರ್ ಅಲ್ಲಿಂದ ಮೇಲೆತ್ತಲಿ.

ನಮ್ಮನೆ ಲೆಕ್ಕ ಹೇಳ್ತೀನಿ. ಮೊದಲು 15 ಲೀಟರ್ ಕೊಡ ತುಂಬೋಕೆ ಆರು ನಿಮಿಷ, ಈಗ ಒಂದೂವರೆ. ದಿನಕ್ಕೆ ಎಂಟು ಕೊಡ. ಅಮ್ಮ ನಲ್ಲಿ ಮುಂದೆ ನಿಲ್ತಿದ್ದದ್ದು 48 ನಿಮಿಷ, ಈಗ 12. ಪಂಪನ್ನು ದಾಳಿಂಬೆ ತೋಟದ ಸ್ಪ್ರೇಗೆ ಹಾಕಿದ್ದೀನಿ, ದುಡ್ಡು ಪೂರ್ತಿ ಹಾಳಾಗಲಿಲ್ಲ ಅಂತ ಸಮಾಧಾನ.

ಇದೇ ಬಕೆಟ್ ಪರೀಕ್ಷೆಯನ್ನು ಡ್ರಿಪ್ಪರುಗಳಿಗೂ ಮಾಡಬಹುದು, ಅಲ್ಲಿ ಬಕೆಟ್ ಬದಲು ಲೋಟ. ಸಾಲಿನ ಮೊದಲ ಗಿಡಕ್ಕೆ, ಕೊನೇ ಗಿಡಕ್ಕೆ ಹತ್ತು ನಿಮಿಷದಲ್ಲಿ ಎಷ್ಟು ಬೀಳ್ತದೆ ಅಂತ ಅಳೆದು ಬರೆದಿಟ್ಕೊಳ್ಳಿ. ಸಾವಯವದವರು ಆಸಿಡ್ ಬಿಡದೆ ಆ ಸುಣ್ಣ ಬಿಡಿಸೋದು ಹೇಗೆ ಅಂತ ಮುಂದಿನ ವಾರ ಬರೀತೀನಿ.