ತೊನ್ನು ಮತ್ತು ಮುಖದ ಶಸ್ತ್ರಚಿಕಿತ್ಸೆ

ಹಲವು ವರ್ಷಗಳ ಹಿಂದಿನ ಮಾತು. ತರಗತಿಯ ಭಾವಚಿತ್ರ ತೆಗೆಯುವ ದಿನ ಒಬ್ಬ ವಿದ್ಯಾರ್ಥಿನಿ ಶಾಲೆಗೆ ಬರಲಿಲ್ಲ. ಆಕೆಯ ತುಟಿಯಂಚಿನಲ್ಲಿ ಬಿಳಿಯ ಮಚ್ಚೆ ಮೂಡಿತ್ತು. ಮರುದಿನ ಬಂದ ತಂದೆ, "ಮಾಸ್ಟ್ರೇ, ಆಪರೇಶನ್ ಮಾಡಿಸಿದರೆ ಇದು ಹೋದೀತೇ?" ಎಂದು ಕೇಳಿದರು. ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಅನಂತರ ಕೇಳಿ, ಓದಿ ತಿಳಿದುದನ್ನು ಇಲ್ಲಿ ಬರೆದಿದ್ದೇನೆ.

ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್ ಎಂಬ ವರ್ಣದ್ರವ್ಯ. ಅದನ್ನು ಮೆಲನೊಸೈಟ್ ಎಂಬ ಜೀವಕೋಶಗಳು ತಯಾರಿಸುತ್ತವೆ. ದೇಹದ ರಕ್ಷಣಾ ವ್ಯವಸ್ಥೆಯೇ ಈ ಕೋಶಗಳನ್ನು ವೈರಿಗಳೆಂದು ಭ್ರಮಿಸಿ ನಾಶಪಡಿಸಿದಾಗ ಆ ಭಾಗ ಬೆಳ್ಳಗಾಗುತ್ತದೆ. ಇದೇ ತೊನ್ನು. ಇದನ್ನು 'ಶ್ವೇತಕುಷ್ಠ'ವೆಂದು ಕರೆದುದರಿಂದ ದೊಡ್ಡ ಅನರ್ಥವಾಯಿತು. ಕುಷ್ಠಕ್ಕೆ ಕಾರಣ ಒಂದು ಬ್ಯಾಕ್ಟೀರಿಯಾ. ತೊನ್ನಿಗೆ ಯಾವ ರೋಗಾಣುವೂ ಕಾರಣವಲ್ಲ. ಮುಟ್ಟಿದರೆ, ಒಟ್ಟಿಗೆ ಉಂಡರೆ ಅದು ಅಂಟುವುದಿಲ್ಲ. ಮೀನು ತಿಂದು ಹಾಲು ಕುಡಿದರೆ ತೊನ್ನು ಬರುತ್ತದೆಂಬ ಮಾತಿಗೂ ಆಧಾರವಿಲ್ಲ.

ಇದಕ್ಕೆ ಶಸ್ತ್ರಚಿಕಿತ್ಸೆ ಇದೆಯೇ? ಇದೆ. ತೊಡೆಯಂತಹ ಮರೆಯಾದ ಭಾಗದಿಂದ ಬಣ್ಣವಿರುವ ಚರ್ಮದ ಸಣ್ಣ ಸಣ್ಣ ಚೂರುಗಳನ್ನು ತೆಗೆದು ಮಚ್ಚೆಯಲ್ಲಿ ನೆಡುತ್ತಾರೆ. ಮುಖಕ್ಕಾದರೆ ಒಂದೊಂದು ಚೂರು ಸುಮಾರು 1 ಮಿಲಿಮೀಟರ್ ಅಗಲ. ನೇಜಿ ನೆಟ್ಟ ಗದ್ದೆ ಮೆಲ್ಲಮೆಲ್ಲನೆ ಹಸಿರಾಗುವಂತೆ, ಚೂರುಗಳಿಂದ ಬಣ್ಣ ಸುತ್ತಲೂ ಹರಡುತ್ತದೆ. ಇದಕ್ಕೆ ದಿನಗಳಲ್ಲ, ತಿಂಗಳುಗಳೇ ಬೇಕು.

ಆದರೆ ಅವಸರ ಸಲ್ಲದು. ತೊನ್ನಿಗೆ ಒಂದು ವಿಚಿತ್ರ ಗುಣವಿದೆ. ರೋಗ ಚುರುಕಾಗಿರುವಾಗ ಚರ್ಮಕ್ಕೆ ಗಾಯವಾದರೆ, ಗಾಯವಾದಲ್ಲಿಯೇ ಹೊಸ ಮಚ್ಚೆ ಏಳಬಹುದು. ಸೋರಿಯಾಸಿಸ್ ರೋಗದಲ್ಲಿ ಇಂತಹುದನ್ನೇ ಗುರುತಿಸಿದ ಹತ್ತೊಂಬತ್ತನೆಯ ಶತಮಾನದ ಜರ್ಮನ್ ವೈದ್ಯ ಕೋಬ್ನರ್ ಅವರ ಹೆಸರು ಇದಕ್ಕೆ ಬಂದಿದೆ. ವೈದ್ಯರ ಕತ್ತಿಯ ಗಾಯವೂ ಗಾಯವೇ ತಾನೇ? ಅಂದಕ್ಕಾಗಿ ಮಾಡಿಸುವ ಬೇರೆ ಶಸ್ತ್ರಕ್ರಿಯೆ, ಲೇಸರ್ ಚಿಕಿತ್ಸೆಗಳಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ. ಆದುದರಿಂದ ಕನಿಷ್ಠ 1 ವರ್ಷ ಹೊಸ ಮಚ್ಚೆ ಏಳದೆ, ಹಳೆಯದು ಬೆಳೆಯದೆ ಇದ್ದರೆ ಮಾತ್ರ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಗೆ ತೊಡಗುತ್ತಾರೆ. ಸಂದೇಹವಿದ್ದರೆ ಮೊದಲು ನಾಲ್ಕಾರು ಚೂರುಗಳನ್ನಷ್ಟೇ ನೆಟ್ಟು ಪರೀಕ್ಷಿಸುವುದುಂಟು. ಗಾಯದ ಕಲೆ ಗಂಟುಗಟ್ಟಿ ಬೆಳೆಯುವ ಸ್ವಭಾವದವರು ಅದನ್ನು ಮೊದಲೇ ತಿಳಿಸಬೇಕು. ಇಷ್ಟೆಲ್ಲ ಮಾಡಿದರೂ ರೋಗ ಮರುಕಳಿಸುವುದಿಲ್ಲವೆಂಬ ಭರವಸೆಯಿಲ್ಲ.

ಮೊದಲ ಹೆಜ್ಜೆ ಶಸ್ತ್ರವಲ್ಲ, ಚರ್ಮವೈದ್ಯರು ಕೊಡುವ ಮುಲಾಮು ಮತ್ತು ಬೆಳಕಿನ ಚಿಕಿತ್ಸೆ. ಮುಖದ ಮಚ್ಚೆಗಳು ಕೈಬೆರಳಿನವುಗಳಿಗಿಂತ ಇವುಗಳಿಗೆ ಚೆನ್ನಾಗಿ ಸ್ಪಂದಿಸುತ್ತವೆ. ಹದಿನೈದು ದಿನಗಳಲ್ಲಿ ಗುಣಪಡಿಸುತ್ತೇವೆಂಬ ಜಾಹೀರಾತುಗಳನ್ನು ನಂಬಿ ಚರ್ಮ ಸುಟ್ಟುಕೊಳ್ಳಬಾರದು.

ಆ ಹುಡುಗಿಯ ಮಚ್ಚೆ ಆಗ ಇನ್ನೂ ಬೆಳೆಯುತ್ತಿತ್ತು. ವೈದ್ಯರು ಕಾಯಲು ಹೇಳಿ ಮುಲಾಮು ಕೊಟ್ಟರು. ಮರುವರ್ಷದ ಭಾವಚಿತ್ರದಲ್ಲಿ ಆಕೆ ಗೆಳತಿಯರ ನಡುವೆ ನಿಂತಿದ್ದಾಳೆ, ಮಚ್ಚೆಯೂ ಕಾಣುತ್ತದೆ. ಆಕೆಯನ್ನು ಮನೆಯಿಂದ ಕರೆತಂದವರು ಆ ಗೆಳತಿಯರೇ. ಚರ್ಮದ ಚಿಕಿತ್ಸೆ ವೈದ್ಯರ ಕೆಲಸ. ವಿದ್ಯಾರ್ಥಿಗಳೇ, ಈ ಕೆಲಸ ಮಾತ್ರ ನಿಮ್ಮದು.