ಪ್ಲಾಟಿನ್ಯಾಗ ಆಕಳ ಕಟ್ಟಬಹುದೇನ್ರಿ?

ಪಶುಸಂಗೋಪನೆ ಇಲಾಖೆಯ ನೌಕರಿಯಿಂದ ನಿವೃತ್ತನಾದ ಮೇಲೆ ಜನ ನನ್ನ ಹತ್ತಿರ ದನದ ಜಡ್ಡಿನ ಮಾತಿಗಿಂತ ಇದನ್ನೇ ಹೆಚ್ಚು ತರುತ್ತಾರೆ: "ಸಾಹೇಬ್ರ, ಪ್ಲಾಟಿನ್ಯಾಗ ಆಕಳ ಕಟ್ಟಬಹುದೇನ್ರಿ? ಬಾಜೂ ಮನಿಯವ್ರು ಅರ್ಜಿ ಕೊಟ್ಟಾರ." ಹಾನಗಲ್ಲಿರಲಿ, ಹಿರೇಕೆರೂರಿರಲಿ, ತಕರಾರು ಒಂದೇ.

ನಮ್ಮ ಕಡೆಯ ಹಳೇ ಮನೆಗಳಲ್ಲಿ ತಲಬಾಗಿಲು ದಾಟಿದರೆ ಮೊದಲು ದನದ ಅಂಕಣ, ಗ್ವಾದಲಿ; ಕಟ್ಟೆ ಹತ್ತಿದರೆ ಆಮೇಲೆ ಮಂದಿ ಇರುವ ಪಡಸಾಲೆ. ಹಿತ್ತಲಲ್ಲಿ ಬಣವಿ, ಊರ ಅಂಚಿಗೆ ತಿಪ್ಪೆ. ಈಗ ಅದೇ ಮನೆತನದವರು ಎನ್.ಎ. (ಕೃಷಿಯೇತರ) ಆದ ಮೂವತ್ತು-ನಲವತ್ತರ ಪ್ಲಾಟಿಗೆ ಬಂದಿದ್ದಾರೆ. ಆಕಳೂ ಜೊತೆಗೆ ಬಂದಿದೆ, ತಿಪ್ಪೆಗೆ ಮಾತ್ರ ಜಾಗವಿಲ್ಲ.

ನಾನು ಮೊದಲು ಕೇಳುವುದು, ನಿಮ್ಮ ಮನೆ ಯಾರ ಹದ್ದಿನಲ್ಲಿದೆ? ಹಾನಗಲ್ಲ, ಶಿಗ್ಗಾಂವಿ, ಸವಣೂರುಗಳಲ್ಲಿ ಪುರಸಭೆ, ಹಿರೇಕೆರೂರಲ್ಲಿ ಪಟ್ಟಣ ಪಂಚಾಯಿತಿ. ಇವು 1964ರ ಪುರಸಭೆಗಳ ಕಾಯ್ದೆಯಡಿ ನಡೆಯುತ್ತವೆ. ಹದ್ದು ದಾಟಿದರೆ ಗ್ರಾಮ ಪಂಚಾಯಿತಿ, ಅದಕ್ಕೆ 1993ರ ಪಂಚಾಯತ್ ರಾಜ್ ಕಾಯ್ದೆ. ವಿಚಿತ್ರವೆಂದರೆ, ಗ್ರಾಮ ಪಂಚಾಯಿತಿಯವರು ಉದ್ಯೋಗ ಖಾತ್ರಿಯಲ್ಲಿ ದನದ ಕೊಟ್ಟಿಗೆಗೆ 57,000 ರೂಪಾಯಿ ಕೊಟ್ಟದ್ದುಂಟು. ಅಂಥದೇ ಕೊಟ್ಟಿಗೆ ಹದ್ದಿನ ಈಚೆ ಎದ್ದರೆ ಮನೆಗೆ ನೋಟಿಸು ಬಂದೀತು.

ಎರಡನೆಯದು ವಲಯ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಮಹಾಯೋಜನೆ ಆದ ಊರಲ್ಲಿ ನಕಾಶೆಯ ಹಳದಿ ಭಾಗ ವಾಸಕ್ಕೆ, ಹಸಿರು ಭಾಗ ಕೃಷಿಗೆ. ಹೈನುಗಾರಿಕೆ, ಕೋಳಿ ಫಾರ್ಮು ಹಸಿರಿಗೆ ಸೇರಿದ ಕಸುಬು. ಮನೆ ಖರ್ಚಿಗೆ ಒಂದು ಆಕಳು ಕಟ್ಟುವುದು ಬೇರೆ, ಹತ್ತು ಎಮ್ಮೆ ಕಟ್ಟಿ ಹಾಲು ಮಾರುವುದು ಬೇರೆ. ಬಹಳ ಮಂದಿ ಸಿಕ್ಕಿಬೀಳುವುದು ಇನ್ನೊಂದು ಕಡೆ: ಮನೆ ಸುತ್ತ ಖುಲ್ಲಾ ಬಿಡಬೇಕಾದ ಸೆಟ್‌ಬ್ಯಾಕ್ ಜಾಗದಲ್ಲಿ ತಗಡಿನ ಶೆಡ್ಡು ಎಬ್ಬಿಸುತ್ತಾರೆ. ಅಲ್ಲಿ ತಪ್ಪು ಆಕಳದ್ದಲ್ಲ, ಶೆಡ್ಡಿನದು. ಹೊಲ ಇದ್ದವರಿಗೆ ಈ ತಾಪತ್ರಯವಿಲ್ಲ. 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಸಾಗುವಳಿಗೆ ಬೇಕಾದ ಕಟ್ಟಡವನ್ನು ಹೊಲದಲ್ಲಿ ಎಬ್ಬಿಸಲು ಎನ್.ಎ. ಬೇಡ.

ಮೂರನೆಯದೇ ಜಗಳದ ಬೇರು, ಸಗಣಿ. ದೊಡ್ಡ ಆಕಳೊಂದು ದಿನಕ್ಕೆ 15ರಿಂದ 20 ಕಿಲೋ ಸಗಣಿ ಹಾಕುತ್ತದೆ. ಎರಡು ಆಕಳಿದ್ದರೆ ವಾರ ತುಂಬುವುದರೊಳಗೆ ಎರಡು ಕ್ವಿಂಟಲ್ ದಾಟುತ್ತದೆ. ಹೊಲವಿದ್ದವನಿಗೆ ಅದು ಬಂಗಾರ. ಪ್ಲಾಟಿನವನು ಗಟಾರಿಗೆ ತಳ್ಳುತ್ತಾನೆ. ಸವಣೂರಿನ ಹಳೇ ಓಣಿಯಂಥ ಇಕ್ಕಟ್ಟಿನಲ್ಲಿ ಗಟಾರು ಕಟ್ಟಿದರೆ ನೊಣ, ಸೊಳ್ಳೆ, ನಾತ. ಹಾನಗಲ್ಲಿನ ಮಳೆಗಾಲವಂತೂ ಕೇಳಬೇಡಿ. ಇದನ್ನೇ ಕಾನೂನು ಸಾರ್ವಜನಿಕ ಉಪದ್ರವ ಎನ್ನುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 292ನೇ ಕಲಮಿನಲ್ಲಿ ಇದಕ್ಕೆ 1,000 ರೂಪಾಯಿವರೆಗೆ ದಂಡ. ಅಂದರೆ ಅರ್ಜಿ ಕೊಟ್ಟ ಬಾಜೂ ಮನೆಯವರನ್ನು ಬೈಯುವ ಮೊದಲು ಅವರ ಕಿಟಕಿಯ ಹತ್ತಿರ ಒಮ್ಮೆ ನಿಂತು ಬನ್ನಿ.

ಹಾಲು ಹಿಂಡಿಕೊಂಡು ದನವನ್ನು ರಸ್ತೆಗೆ ಬಿಡುವವರ ಮೇಲೆ ನನಗೆ ಕರುಣೆಯಿಲ್ಲ. ಶಿಗ್ಗಾಂವಿ, ಬಂಕಾಪುರದ ಪಕ್ಕದಲ್ಲೇ ರಾಷ್ಟ್ರೀಯ ಹೆದ್ದಾರಿ 48 ಹಾದಿದೆ. ರಾತ್ರಿ ಡಾಂಬರಿನ ಮೇಲೆ ಮಲಗಿದ ದನ ಬೈಕಿನವನಿಗೆ ಕಾಣುವುದಿಲ್ಲ. ಸಾಕಿದ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಪಾಯವಾಗದಂತೆ ನೋಡಿಕೊಳ್ಳದಿದ್ದರೆ ಅದೇ ಸಂಹಿತೆಯ 291ನೇ ಕಲಮಿನಲ್ಲಿ ಆರು ತಿಂಗಳವರೆಗೆ ಸಜೆ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಹಿಂದೆ ಪರರ ಹೊಲ ಮೇದ ದನ ಕೊಂಡವಾಡಕ್ಕೆ ಹೋಗುತ್ತಿತ್ತು, ದಂಡ ಕಟ್ಟಿ ಬಿಡಿಸಿಕೊಳ್ಳಬೇಕಿತ್ತು. 1966ರ ಜಾನುವಾರು ಅತಿಕ್ರಮ ಕಾಯ್ದೆ ಇಂದಿಗೂ ಇದೆ, ಕೊಂಡವಾಡದ ಗೋಡೆಗಳು ಬಿದ್ದಿವೆ.

ಹೋರಿಯ ಮಾತು ಬಿಟ್ಟರೆ ನಮ್ಮ ಜಿಲ್ಲೆಯವರು ಸುಮ್ಮನಿರುವುದಿಲ್ಲ. ದೀಪಾವಳಿಗೆ ಕೊಬ್ಬರಿ ಹಾರ ಹಾಕಿ ಓಡಿಸುವ ಹೋರಿಯನ್ನು ಪ್ಲಾಟಿನಲ್ಲೇ ಮಗನಂತೆ ಸಾಕುವವರಿದ್ದಾರೆ. ಅದರ ಕೋಡಿಗೂ ಇದೇ 291ನೇ ಕಲಂ ಅನ್ವಯಿಸುತ್ತದೆ. ಹಗ್ಗ ಗಟ್ಟಿ ಇರಲಿ.

ಪ್ಲಾಟು ಕೊಳ್ಳುವವರು ಖರೀದಿ ಪತ್ರಕ್ಕೆ ಸಹಿ ಹಾಕುವ ಮೊದಲೇ ವಲಯ ಯಾವುದು, ದನ ಸಾಕಣೆಗೆ ಬೈಲಾ ಏನಿದೆ ಎಂದು ಪುರಸಭೆಗೆ ಬರೆದು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಪುರಸಭೆಯವರಿಗೂ ಒಂದು ವಿನಂತಿ. ಬಡಾವಣೆ ಮಾಡುವಾಗ ಉದ್ಯಾನಕ್ಕೆ ಜಾಗ ಬಿಡಿಸುತ್ತೀರಿ. ಆಕಳಿನ ಮೇಲೇ ಸಂಸಾರ ನಿಂತಿರುವ ಊರುಗಳಲ್ಲಿ ಒಂದು ಸಾಮೂಹಿಕ ಕೊಟ್ಟಿಗೆಗೆ, ಒಂದು ಗೊಬ್ಬರದ ಗುಂಡಿಗೆ ಕೂಡ ಅಷ್ಟು ಜಾಗ ಬಿಡಿಸಿ.