ಪತ್ರಿಕೆಯಲ್ಲಿ ಹಾಕಿಸಿದರೆ ಮಗ ಹೊರಗಾದನೆ?

ನಿಮಗಿದು ಗೊತ್ತೆ?

‘ಮಗನಿಗೂ ನಮಗೂ ಸಂಬಂಧವಿಲ್ಲ’ ಎಂದು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟ ಮಾತ್ರಕ್ಕೆ ಹಿಂದೂ ಕುಟುಂಬದ ಮಗನ ಹಕ್ಕು ಹೋಗುವುದಿಲ್ಲ. ಹೋಗುವುದು ಜಾಹೀರಾತಿನ ದುಡ್ಡು! ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಪಾಲು ಎಂದು ‘ಮಿತಾಕ್ಷರಾ’ ಎಂಬ ಗ್ರಂಥದಲ್ಲಿ ವಾದಿಸಿದವನು ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ (1076–1126) ಕಾಲದ ವಿಜ್ಞಾನೇಶ್ವರ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೂ ಈ ಹಕ್ಕು ಕೊಟ್ಟಿತು.

ಸ್ವಯಾರ್ಜಿತ ಆಸ್ತಿಯ ಮಾತು ಬೇರೆ. ಮೃತ್ಯುಪತ್ರ ಬರೆದು ಯಾರಿಗೆ ಬೇಕಾದರೂ ಕೊಡಬಹುದು. ಬರೆಯದೆ ತೀರಿಕೊಂಡರೆ? ಪ್ರಕಟಣೆ ಕೊಟ್ಟು ಹೊರಹಾಕಿದ ಮಗನೂ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಮೊದಲ ವರ್ಗದ ವಾರಸುದಾರನೇ. ಆಸ್ತಿವಂತನನ್ನೇ ಕೊಂದವನಿಗೆ ಮಾತ್ರ ಆ ಕಾಯ್ದೆಯ 25ನೇ ಕಲಮಿನಂತೆ ಅವನ ಆಸ್ತಿ ಸಿಗದು.